ಬಟ್ಟೆ ಸಿಕ್ತಾ?

"ಈ ಕಡೆ ಅಲ್ಲಪ್ಪ, ಆ ಕಡೆ! ಬೈತಲೆ ಇದ್ದಿದ್ದು ಆ ಕಡೆ!"

ಬಾಚಣಿಗೆ ಹಿಡಿದಿದ್ದ ಕ್ಷೌರದಂಗಡಿಯ ಹುಡುಗ ಮಿಷನ್‌ನ ಕೈ ಗಾಳಿಯಲ್ಲೇ ನಿಂತಿತು. ಮಂಚದ ಮೇಲೆ ಮಲಗಿದ್ದದ್ದು ಅವನ ಯಜಮಾನ, ಬೀದಿಗೆಲ್ಲ ಕಟಿಂಗ್ ಮಾಮ. ಗಡ್ಡ ನುಣ್ಣಗೆ ತೆಗೆದಾಗಿತ್ತು, ಮೀಸೆಯ ತುದಿ ಸಮ ಮಾಡಿಯಾಗಿತ್ತು, ಬಿಳಿ ಅಂಗಿಯ ಕಾಲರು ನೆಟ್ಟಗಿತ್ತು. ಉಳಿದದ್ದು ತಲೆಗೂದಲು ಮಾತ್ರ. ಬದುಕಿದ್ದಷ್ಟು ಕಾಲ ಆ ತಲೆಯ ಮೇಲೆ ಇನ್ನೊಬ್ಬರ ಕತ್ತರಿ ಆಡಿರಲಿಲ್ಲ. ಎರಡು ಕನ್ನಡಿ ಇಟ್ಟುಕೊಂಡು ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ.

"ಹೌದು, ಆ ಕಡೇನೇ," ಎಂದಳು ಬೇಕರಿಯವಳು. "ನಾನು ಚಿಕ್ಕೋಳಾಗಿ ಕುರ್ಚಿಯ ಹಲಗೆ ಮೇಲೆ ಕೂತು ತಲೆ ಕೊಡ್ತಿದ್ದ ಕಾಲದಿಂದ ನೋಡಿದೀನಿ. ಹೀಗೆ ಬಾಚಿದ್ರೆ ಯಾರೋ ಬೇರೆಯವರ ಥರ ಕಾಣ್ತಾರೆ."

"ಬೇರೆಯವರ ಥರ ಅಲ್ಲ, ಅವರ ತಮ್ಮನ ಥರ," ಎಂದ ಪೋಸ್ಟ್‌ಮ್ಯಾನ್. ಸತ್ತವನಿಗೆ ತಮ್ಮನೇ ಇರಲಿಲ್ಲ.

ಈ ಪೋಸ್ಟ್‌ಮ್ಯಾನ್ ನಿವೃತ್ತನಾಗಿ ಯಾವ ಕಾಲವೋ ಆಗಿತ್ತು. ಅವನ ಕೂದಲು ಅವನಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತ್ತು. ಆದರೂ ವಾರಕ್ಕೊಮ್ಮೆ ಕುರ್ಚಿಯಲ್ಲಿ ಕೂತು, ಕಿವಿಯ ಹಿಂದಿನ ನಾಲ್ಕು ಎಳೆ ಕತ್ತರಿಸಿಕೊಂಡು ಬರುವುದನ್ನು ಬಿಟ್ಟಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಹತ್ತು ಜನ ಒಂದೇ ಮಾತು ಹೇಳಿದರೆ ಒಬ್ಬ ಏನು ಮಾಡುತ್ತಾನೆ? ಮಿಷನ್ ಬೈತಲೆ ಅಳಿಸಿ ಇನ್ನೊಂದು ಕಡೆ ತೆಗೆದ. ಅಷ್ಟರಲ್ಲಿ ಒಳಗಿನಿಂದ ಸತ್ತವನ ತಂಗಿ, ಅವನ ಮಗಳ ಸೋದರತ್ತೆ, ಬಂದಳು.

"ಅಯ್ಯೋ, ನಮ್ಮಣ್ಣನ ತಲೆಗೆ ಏನು ಮಾಡಿದ್ಯೋ! ಚಿಕ್ಕಂದಿನಿಂದ ಈ ಕಡೆಗೆ ಬಾಚ್ತಿದ್ದವನು!"

"ಅಲ್ಲಮ್ಮ, ಆ ಕಡೆಗೆ."

"ನೀವೇನು ಅವನ ಜೊತೆ ಹುಟ್ಟಿದ್ದಾ?"

ಸಾವಿನ ಮನೆ ಎಂಬುದನ್ನು ಮರೆತು ಎರಡು ಪಕ್ಷವಾಯಿತು. ಒಂದು ಕಡೆ ಇಡೀ ಬೀದಿ, ಇನ್ನೊಂದು ಕಡೆ ಸೋದರತ್ತೆ ಒಬ್ಬಳೇ. ಮಿಷನ್‌ಗಂತೂ ತಲೆ ಕೆಟ್ಟಿತ್ತು. ದಿನವಿಡೀ ಕೂದಲು ಕತ್ತರಿಸುವ ಮಿಷನ್ನಿನ ಹಾಗೆ ಗುರ್ರೆಂದು ಮಾತಾಡುತ್ತಲೇ ಇರುತ್ತಿದ್ದುದಕ್ಕೆ ಅವನಿಗೆ ಆ ಹೆಸರು ಬಿದ್ದಿತ್ತು. ಇವತ್ತು ಬಾಯಿ ಕಟ್ಟಿತ್ತು.

ಬಾಗಿಲ ಬಳಿ ನಿಂತಿದ್ದ ಮಗಳು ಕೊನೆಗೆ ಹೇಳಿದಳು: "ಸಾಕು ಬಿಡಿ. ನೀವೆಲ್ಲ ಅಪ್ಪನ್ನ ನೋಡಿರೋದು ಕನ್ನಡೀಲಿ. ಕುರ್ಚೀಲಿ ಕೂತು, ಎದುರಿನ ಕನ್ನಡೀಲಿ. ಅಲ್ಲಿ ಎಲ್ಲ ಅದಲು ಬದಲು. ಮನೇಲಿ ದಿನಾ ಮುಖಾಮುಖಿ ನೋಡಿದವರಲ್ಲಿ ಈಗ ಉಳಿದಿರೋದು ನಾನು, ಅತ್ತೆ ಇಬ್ಬರೇ. ಮಿಷನ್, ಮೊದಲಿದ್ದ ಹಾಗೇ ಬಾಚು."

ಪೋಸ್ಟ್‌ಮ್ಯಾನ್ ಒಮ್ಮೆ ತನ್ನ ಎಡಗೈ ನೋಡಿಕೊಂಡ, ಒಮ್ಮೆ ಬಲಗೈ ನೋಡಿಕೊಂಡ.

"ಅಂದ್ರೆ ಇಷ್ಟು ವರ್ಷ ನಾವು ಮಾತಾಡಿಸಿದ್ದು ತಿರುಗಾಮುರುಗಾ ಮನುಷ್ಯನ್ನ!"

ಮೊದಲು ನಕ್ಕವಳು ಸೋದರತ್ತೆ. ಆಮೇಲೆ ತಡೆಯಲು ಯಾರಿಂದಲೂ ಆಗಲಿಲ್ಲ. ಮಗಳೂ ನಕ್ಕಳು. ನಗುತ್ತಿರುವಾಗಲೇ ಒಂದು ಮಾತು ನೆನಪಾಯಿತು. ಇಷ್ಟು ಜನ ಕೂತ ಆ ಕುರ್ಚಿಯಲ್ಲಿ ಅವಳು ಒಂದು ದಿನವೂ ಕೂತಿರಲಿಲ್ಲ.

*

ಇದೆಲ್ಲ ಶುರುವಾದಾಗ ಮಗಳಿಗೆ ಐದು ವರ್ಷ. ಮಲಗಿಸಲು ಅಪ್ಪ ಓದುತ್ತಿದ್ದದ್ದು ಎಲ್ಲ ಮಕ್ಕಳೂ ಕೇಳಿ ಬೆಳೆದ ಹಳೆಯ ಕತೆ, 'ಚುಕ್ಕಿ ಒರೆಸುವ ದೈತ್ಯ'. ಆಕಾಶದಲ್ಲಿ ಒಬ್ಬ ದೈತ್ಯ. ಧೂಳು, ಹೊಗೆಗೆ ಮಂಕಾದ ಚುಕ್ಕಿಗಳನ್ನು ಕತ್ತಲಾಗುವ ಮುಂಚೆ ಒರೆಸಿ ಹೊಳಪು ಮಾಡುವುದು ಅವನ ಕೆಲಸ. ಒಂದು ದಿನ ಒಬ್ಬ ಹುಡುಗಿ ಏಣಿ ಹತ್ತಿ ಬರುತ್ತಾಳೆ, ಅವನ ಜೊತೆ ಕೂತು ಚುಕ್ಕಿ ಒರೆಸುತ್ತಾಳೆ, ಚಳಿಯಾದಾಗ ಅವನ ಬಿಳಿ ಬಟ್ಟೆಯನ್ನೇ ಕೊರಳಿಗೆ ಸುತ್ತಿಕೊಳ್ಳುತ್ತಾಳೆ. ಕೊನೆಗೆ ಅಮ್ಮನ ನೆನಪಾಗಿ ಇಳಿದು ಮನೆ ಸೇರುತ್ತಾಳೆ. ಏಣಿ ಮೇಲಕ್ಕೆ ಹೋಗುತ್ತದೆ, ಕತೆ ಮುಗಿಯುತ್ತದೆ.

"ಬಟ್ಟೆ?" ಎಂದು ಎದ್ದು ಕೂತಳು ಮಗಳು.

"ಯಾವ ಬಟ್ಟೆ?"

"ಅವನ ಬಟ್ಟೆ ಇವಳ ಕುತ್ತಿಗೇಲೇ ಇದೆಯಲ್ಲಪ್ಪ! ನಾಳೆ ಅವನು ಯಾವುದರಲ್ಲಿ ಒರೆಸ್ತಾನೆ?"

ಕತೆ ಬರೆದವರಿಗೂ ಹೊಳೆಯದ ಪ್ರಶ್ನೆ. ಅಪ್ಪ ಪುಸ್ತಕದ ಕೊನೆಯ ಪುಟ ತಿರುಗಿಸಿ ನೋಡಿದ. ಅಲ್ಲಿ ಬೇರೆ ಪುಸ್ತಕಗಳ ಜಾಹೀರಾತು ಮಾತ್ರ ಇತ್ತು. ಮಗಳು ದೈತ್ಯನಿಗಾಗಿ ಅಳತೊಡಗಿದಳು, ಅಕ್ಕಪಕ್ಕದ ಮನೆಯವರು ಏಳುವಷ್ಟು.

"ಅಳಬೇಡ ಕಣೇ. ನಾಳೆ ಅವನನ್ನ ಕೆಳಗಿಳಿಸ್ತೀನಿ. ಅವನೇ ಬಂದು ಹುಡುಕಿಕೊಳ್ಳಲಿ."

ಕೊಟ್ಟ ಮಾತು. ಮರುದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಚೌಕ ಚೌಕ ಹಾಕಿ, ಚಿತ್ರ ಬರೆದು, ಮಾತಿಗೆ ಗುಳ್ಳೆ ಕಟ್ಟಿ, ದೈತ್ಯನನ್ನು ಏಣಿಯಿಂದ ಇಳಿಸಿಯೇ ಬಿಟ್ಟ. ಕೆಳಗೆ ಕಾಲಿಟ್ಟವನೇ ದೈತ್ಯ ಎದುರಿಗೆ ಸಿಕ್ಕವರನ್ನು ಕೇಳಿದ: "ಸ್ವಾಮೀ, ನನ್ನ ಬಟ್ಟೆ ನೋಡಿದ್ರಾ?" ಮಗಳಿಗೆ ತೋರಿಸಿದ ಮೇಲೆ ಆ ಹಾಳೆಯನ್ನು ಅಂಗಡಿಯಲ್ಲಿ ಕನ್ನಡಿಯ ಪಕ್ಕಕ್ಕೆ ಅಂಟಿಸಿದ. ಕ್ಷೌರಕ್ಕೆ ಬರುವ ಮಕ್ಕಳು ಒದ್ದಾಡದೆ ಕೂತಾರು ಎಂಬ ಆಸೆ. ಮಕ್ಕಳು ಕೂತರು ನಿಜ, ಕತ್ತು ಮಾತ್ರ ಹಾಳೆಯ ಕಡೆಗೆ ವಾಲಿತು. ಆ ವಾರ ಬೀದಿಯಲ್ಲಿ ಓಡಾಡಿದ ಮಕ್ಕಳಿಗೆಲ್ಲ ಒಂದು ಕಿವಿಯ ಮೇಲೆ ಕೂದಲು, ಇನ್ನೊಂದರ ಮೇಲೆ ಬಯಲು.

ತಾಯಂದಿರು ಜಗಳಕ್ಕೆ ಬಂದರು. ಅಪ್ಪ ಯೋಚಿಸಿದ. ತಲೆ ನೆಟ್ಟಗಿರಬೇಕಾದರೆ ಕಣ್ಣು ಕನ್ನಡಿಯ ನಡುವೆ ಇರಬೇಕು. ಮುಂದಿನ ಹಾಳೆಯನ್ನು ಚಿತ್ರ, ಅಕ್ಷರ ಎಲ್ಲ ತಿರುಗಾಮುರುಗಾ ಬರೆದು ಕುರ್ಚಿಯ ಹಿಂದಿನ ಗೋಡೆಗೆ, ತಲೆಗಿಂತ ಮೇಲೆ ಹೊಡೆದ. ಕೂತವರಿಗೆ ಕನ್ನಡಿಯಲ್ಲಿ ಅದು ಸರಿಯಾಗಿ ಕಂಡಿತು. ಕತ್ತು ಅಲ್ಲಾಡಿದರೆ ಕತೆ ಕಾಣುವುದಿಲ್ಲ. ಅಂದಿನಿಂದ ಆ ಅಂಗಡಿಯಲ್ಲಿ ಮಕ್ಕಳು ಬೊಂಬೆಗಳ ಹಾಗೆ ಕೂತರು. ಒದ್ದಾಡುವ ಪಾಳಿ ಅಪ್ಪನದಾಯಿತು, ಹಿಂದೆ ನಿಂತರೆ "ಮಾಮ, ಪಕ್ಕಕ್ಕೆ ಸರಿ, ದೈತ್ಯ ಕಾಣಿಸ್ತಿಲ್ಲ" ಎಂದು ಗದರುತ್ತಿದ್ದರು. ಪಕ್ಕದಿಂದಲೇ ಬಗ್ಗಿ ಬಗ್ಗಿ ಕತ್ತರಿಸಿ ಅವನ ಒಂದು ಭುಜ ಇಳಿದೇ ಹೋಯಿತು.

*

ಸ್ಮಶಾನ ಊರಾಚೆ, ಗುಡ್ಡದ ಮೇಲೆ. ಮಗಳು ಶಾಲೆಯ ಬಸ್ ಓಡಿಸುವವಳು. ಶಾಲೆಯವರು ಬಸ್ಸು ಕೊಟ್ಟರು, ಓಡಿಸಲು ಬೇರೆಯವರನ್ನು ಕಳಿಸುತ್ತೇವೆ ಎಂದರು.

"ಬೇಡ. ಅಪ್ಪನ್ನ ನಾನೇ ಕರ್ಕೊಂಡು ಹೋಗ್ತೀನಿ," ಎಂದಳು.

ಶವದ ಪೆಟ್ಟಿಗೆಯನ್ನು ಸೀಟುಗಳ ನಡುವಿನ ದಾರಿಯಲ್ಲಿ ಇಟ್ಟರು. ಎರಡೂ ಕಡೆ ಮಕ್ಕಳ ಸೀಟುಗಳಲ್ಲಿ ದೊಡ್ಡವರು ಮಂಡಿ ಮಡಚಿಕೊಂಡು ತುಂಬಿಕೊಂಡರು. ಮಗಳು ಮೇಲಿನ ಕನ್ನಡಿ ಸರಿ ಮಾಡಿಕೊಂಡಳು. ಅದರಲ್ಲಿ ಪೆಟ್ಟಿಗೆ ಕಂಡಿತು. ಕನ್ನಡಿಯೊಳಗೆ ಅಪ್ಪ ಬಂದದ್ದು ಅವಳ ಪಾಲಿಗೆ ಅದೇ ಮೊದಲು.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಪೋಸ್ಟ್‌ಮ್ಯಾನ್ ಪೆಟ್ಟಿಗೆಯ ಕಡೆ ಬಾಗಿ ಮೆಲ್ಲಗೆ, "ಬಟ್ಟೆ ಸಿಕ್ತಾ?" ಎಂದ.

ಅದು ಆ ಬೀದಿಯ ಕ್ಷೇಮಸಮಾಚಾರ. ಹೇಗಿದೀಯ ಎನ್ನುವ ಬದಲು ಬಟ್ಟೆ ಸಿಕ್ತಾ ಎನ್ನುವುದು, ಇನ್ನೂ ಇಲ್ಲ ಎಂದು ಉತ್ತರ ಕೊಡುವುದು. ಬಸ್ಸಿನ ತುಂಬ ಎಲ್ಲರೂ ಅಭ್ಯಾಸಬಲದಿಂದ "ಇನ್ನೂ ಇಲ್ಲ" ಎಂದುಬಿಟ್ಟರು.

ಅಲ್ಲಿಂದ ಶುರುವಾಯಿತು. ಕ್ಷೌರಕ್ಕೆ ಕೂತ ದಿನ ಗೋಡೆಯ ಮೇಲೆ ಯಾವ ಹಾಳೆ ಇತ್ತೋ ಅಷ್ಟೇ ಅವರವರಿಗೆ ದಕ್ಕಿದ ಕತೆ. ಇಡೀ ಕತೆ ಓದಿದವರು ಒಬ್ಬರೂ ಇರಲಿಲ್ಲ.

"ನಾನು ನೋಡಿದ್ದು ಬೇಕರೀದು," ಎಂದಳು ಬೇಕರಿಯವಳು. "ದೈತ್ಯ ನಮ್ಮ ಬೇಕರಿಗೆ ಕೆಲಸಕ್ಕೆ ಸೇರ್ತಾನೆ. ಹಿಟ್ಟು ಜರಡಿ ಹಿಡಿಯಪ್ಪ ಅಂದ್ರೆ ಸೀನಿಬಿಡ್ತಾನೆ. ಊರಿಗೆ ಊರೇ ಬೆಳ್ಳಗೆ! ನಮ್ಮಜ್ಜಿ ಸೌಟು ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗೋ ಚಿತ್ರ ನೋಡಿ ಅಜ್ಜೀನೇ ಅಂಗಡಿಗೆ ಹೋಗಿ ಕೂತಿದ್ಲು, ನನ್ನ ಮೂಗು ಹಾಗಿದೆಯಾ ಅಂತ."

"ಅದಕ್ಕಿಂತ ಮುಂಚೆ ಅಂಚೆ ಕಚೇರೀಲಿದ್ದ," ಎಂದ ಪೋಸ್ಟ್‌ಮ್ಯಾನ್. "ನನ್ನ ಕೈಕೆಳಗೆ. ಪತ್ರ ಹಂಚೋಕೆ ಹೋಗಿ ಮನೆಯ ಸೂರನ್ನೇ ಎತ್ತಿ ಒಳಗೆ ಹಾಕ್ತಿದ್ದ."

"ಅಲ್ಲ, ಬೇಕರಿ ಮುಂಚೆ!"

"ಅಂಚೆ ಮುಂಚೆ! ಬೇಕರೀಲಿ ಅವನ ತಲೇಲಿ ನನ್ನ ಟೋಪಿ ಇತ್ತೋ ಇಲ್ವೋ?"

ಬೇಕರಿಯವಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಇತ್ತು," ಎಂದು ಒಪ್ಪಿಕೊಂಡಳು.

ಹೀಗೆ ಹಿಂದಿನ ಸೀಟಿನಿಂದ ಒಂದು, ಮುಂದಿನಿಂದ ಒಂದು ಹಾಳೆ ಸೇರಿ ಕತೆ ಉದ್ದವಾಗುತ್ತ ಹೋಯಿತು. ದೈತ್ಯ ಮುರಿದ ಸೇತುವೆಗೆ ಬದಲಾಗಿ ಮಲಗಿದ, ದರ್ಜಿಯ ಅಂಗಡಿಯಲ್ಲಿ ತನಗೊಂದು ಅಂಗಿ ಹೊಲಿಸಲು ಹೋಗಿ ದರ್ಜಿಗೆ ಜ್ವರ ಬರಿಸಿದ. ಎಲ್ಲಿ ಹೋದರೂ ಅದೇ ಪ್ರಶ್ನೆ, ನನ್ನ ಬಟ್ಟೆ ನೋಡಿದ್ರಾ. ಮೇಲೆ ಚುಕ್ಕಿಗಳು ಮಂಕಾಗುತ್ತಲೇ ಇದ್ದವು.

ಮಗಳ ಕೈ ಎರಡು ಸಲ ಹಾರ್ನಿನ ಮೇಲೆ ಹೋಯಿತು. ಬಸ್ಸಿನಲ್ಲಿ ಮಕ್ಕಳು ದೈತ್ಯನ ಮಾತೆತ್ತಿದಾಗಲೆಲ್ಲ ಅವಳು ಹಾರ್ನ್ ಹೊಡೆಯುತ್ತಿದ್ದಳು, ಕಿವಿಗೆ ಬೀಳದಿರಲಿ ಎಂದು. ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯುವ ಡ್ರೈವರಕ್ಕ ಎಂದು ಅವಳಿಗೆ ಹೆಸರಿತ್ತು. ಇವತ್ತು ಕೈ ಹಿಂದಕ್ಕೆ ತೆಗೆದುಕೊಂಡಳು. ಕೇಳಿದಳು. ಅಪ್ಪ ಇಷ್ಟೊಂದು ತಮಾಷೆಯವನು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹೊಟ್ಟೆಯುರಿಯಿತು, ನಗುವೂ ಬಂತು.

"ಎಲ್ಲ ಸರಿ," ಎಂದಳು ಬೇಕರಿಯವಳು, "ಕೊನೆಗೆ ಆ ಹುಡುಗಿ ಸಿಕ್ಕಿದ್ಲಾ?"

ಎಲ್ಲರ ಕಣ್ಣೂ ಕನ್ನಡಿಯಲ್ಲಿ ಮಗಳ ಮೇಲೆ ನಿಂತವು.

"ನನಗೇನು ಗೊತ್ತು?" ಎಂದಳು. ದೀಪದ ಬುಡದಲ್ಲೇ ಕತ್ತಲೆ.

ಮಿಷನ್ ಕೊನೆಗೂ ಬಾಯಿ ಬಿಟ್ಟ. "ಕೊನೇ ಹಾಳೆ ಗೋಡೆ ಮೇಲಿದೆ. ಅಂಗಡಿ ಮುಚ್ಚೋ ಹಿಂದಿನ ಸಂಜೆ ಅಂಟಿಸಿದ್ರು. ಆದ್ರೆ ಅದು ಮುಗಿದಿಲ್ಲ. ದೈತ್ಯ ಮಂಡಿಯೂರಿ ಕೂತಿದಾನೆ, ಎರಡೂ ಕೈ ಚಾಚಿದಾನೆ, ನಡುವೆ ಏನೂ ಇಲ್ಲ. ಇಷ್ಟಗಲ ಖಾಲಿ. ಹುಡುಗೀನ ಬರೆಯೋಷ್ಟರಲ್ಲಿ ಶಕ್ತಿ ಸಾಲಲಿಲ್ಲವೇನೋ. ಮೇಲೆ ಅಂಟಿಸೋಕೂ ಕೈ ಏಳಲಿಲ್ಲ ಪಾಪ, ಕೆಳಗೇ ಅಂಟಿಸಿದಾರೆ."

ಬಸ್ಸು ಗುಡ್ಡ ಹತ್ತಿತು. ಮಣ್ಣು ಹಾಕುವಾಗ ಜನ ಅತ್ತದ್ದು ಮಾಮನಿಗಾಗಿ ಎಷ್ಟೋ, ದೈತ್ಯನಿಗಾಗಿಯೂ ಅಷ್ಟೇ.

*

ಮಗಳಿಗೆ ಕತೆ ಗೊತ್ತಿಲ್ಲದಿರಲು ಕಾರಣ ಅವಳ ಬಾಯಿ.

ಮೊದಮೊದಲು ಪ್ರತಿ ಹಾಳೆಯನ್ನೂ ಅವಳಿಗೇ ಮೊದಲು ತೋರಿಸುತ್ತಿದ್ದ ಅಪ್ಪ. ಅವಳು ಮರುದಿನ ಶಾಲೆಗೆ ಹೋಗಿ ಎಲ್ಲ ಊದಿಬಿಡುತ್ತಿದ್ದಳು, ದೈತ್ಯ ಮುಂದೆ ಏನು ಮಾಡುತ್ತಾನೆ, ಯಾರ ಮನೆಗೆ ಹೋಗುತ್ತಾನೆ ಎಲ್ಲ. ಮುಂದೇನೆಂದು ಗೊತ್ತಿರುವ ಮಕ್ಕಳು ಕುರ್ಚಿಯಲ್ಲಿ ಮತ್ತೆ ಒದ್ದಾಡತೊಡಗಿದರು. ಒಬ್ಬನ ಕಿವಿಗೆ ಕತ್ತರಿ ತಾಗಿ ರಕ್ತ ಬಂದ ದಿನ ಅಪ್ಪ ಹೇಳಿದ, "ಇನ್ನು ನಿನಗೆ ಹಾಳೆ ತೋರಿಸಲ್ಲ. ಅಂಗಡಿಗೂ ಬರಬೇಡ. ಕುರ್ಚಿ ಗಿರಾಕಿಗಳದ್ದು."

"ಬೇಡ ಬಿಡು! ನಾನು ಇನ್ಯಾವತ್ತೂ ಓದಲ್ಲ!"

ಅಪ್ಪ ಆ ಮಾತನ್ನು ವಾರದಲ್ಲೇ ಮರೆತ. ಮಗಳು ಮರೆಯಲಿಲ್ಲ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು, ಅದು ಅಪ್ಪನಿಂದಲೇ ಬಂದ ಗುಣ. ಅವಳ ಕೂದಲನ್ನು ಅಪ್ಪ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಕತ್ತರಿಸುತ್ತಿದ್ದ, ಎದುರಿಗೆ ನಿಂತು, ಕನ್ನಡಿ ಇಲ್ಲದೆ. ಅವಳು ದೊಡ್ಡವಳಾದಳು, ಬಸ್ಸು ಕಲಿತಳು, ತಲೆ ನರೆಯಿತು. ಕೋಪ ಎಂದೋ ಹೋಗಿತ್ತು, ಹಠ ಮಾತ್ರ ಅಭ್ಯಾಸವಾಗಿ ಉಳಿದಿತ್ತು. ವರ್ಷಕ್ಕೊಮ್ಮೆ ಅಪ್ಪ ಕರೆಯುತ್ತಿದ್ದ, ಅವಳು "ಕುರ್ಚಿ ಗಿರಾಕಿಗಳದ್ದಲ್ವಾ?" ಎನ್ನುತ್ತಿದ್ದಳು, ಇಬ್ಬರೂ ನಗುತ್ತಿದ್ದರು.

ಕೊನೆಯ ಸಲ ಕರೆದದ್ದು ಅವನು ಹಾಸಿಗೆ ಹಿಡಿಯುವ ಸ್ವಲ್ಪ ಮುಂಚೆ.

"ಒಂದ್ಸಲ ಬಂದು ಕೂತು ಹೋಗೇ. ಕೂದಲು ಬೆಳೆದಿದೆ."

"ಕುರ್ಚಿ ಗಿರಾಕಿಗಳದ್ದಲ್ವಾ?"

"ಹಾಗಾದ್ರೆ ಗಿರಾಕಿಯಾಗೇ ಬಾ."

"ನೋಡೋಣ," ಎಂದಿದ್ದಳು. ಅಪ್ಪ ಆ ಸಲವೂ ನಕ್ಕಿದ್ದ. ಸ್ವಲ್ಪ ಹೆಚ್ಚೇ ನಕ್ಕ ಎಂದು ಈಗ ಅನಿಸುತ್ತಿತ್ತು.

*

ಗುಡ್ಡ ಇಳಿದ ಬಸ್ಸು ಮನೆಯ ತಿರುವಿನಲ್ಲಿ ತಿರುಗಲಿಲ್ಲ. ನೇರ ಹೋಗಿ ಅಂಗಡಿಯ ಮುಂದೆ ನಿಂತಿತು.

"ಬಾಗಿಲು ತೆಗೆಯೋ ಮಿಷನ್," ಎಂದಳು ಮಗಳು.

ಶಟರ್ ಗರಗರ ಎಂದು ಮೇಲೆದ್ದಿತು. ಸೋಪು, ಪೌಡರಿನ ವಾಸನೆ ಹಾಗೇ ಇತ್ತು. ಮಕ್ಕಳ ಹಲಗೆ ಮೂಲೆಗೆ ಒರಗಿತ್ತು. ಮಕ್ಕಳ ತಲೆಯೂ ದೊಡ್ಡವರ ತಲೆಯೂ ಒಂದೇ ಎತ್ತರಕ್ಕೆ ಬರಲೆಂದು ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುತ್ತಿದ್ದ ಹಲಗೆ ಅದು. ಹಿಂದಿನ ಗೋಡೆಯಲ್ಲಿ, ಎಂದಿಗಿಂತ ಕೆಳಗೆ, ಕೊನೆಯ ಹಾಳೆ. ಮಿಷನ್ ಹೇಳಿದಂತೆಯೇ ಇತ್ತು. ಚೌಕಗಳಿಲ್ಲದ ಒಂದೇ ದೊಡ್ಡ ಚಿತ್ರ. ಮಂಡಿಯೂರಿದ ದೈತ್ಯ, ಚಾಚಿದ ಎರಡು ಕೈ, ನಡುವೆ ಬಿಳಿ ಖಾಲಿ. ಮೇಲೆ ತಿರುಗಾಮುರುಗಾ ಅಕ್ಷರದ ಒಂದು ಗುಳ್ಳೆ.

"ಪಾಪ, ಮುಗಿಸೋಕಾಗಲಿಲ್ಲ," ಎಂದು ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗಳು ಹಾಳೆಯ ಮುಂದೆ ನಿಲ್ಲಲಿಲ್ಲ. ಅದನ್ನು ಓದುವ ಜಾಗ ಅದಲ್ಲವೆಂದು ಬೀದಿಗೆಲ್ಲ ಗೊತ್ತಿದ್ದದ್ದು ಅವಳಿಗೂ ಗೊತ್ತಿತ್ತು. ಹೋಗಿ ಕುರ್ಚಿಯಲ್ಲಿ ಕೂತಳು. ಕೂತ ಮೇಲೂ ತಲೆಯೆತ್ತಲು ಧೈರ್ಯ ಬರದೆ ಮಡಿಲನ್ನೇ ನೋಡುತ್ತಿದ್ದಳು.

ಕುರ್ಚಿಯಲ್ಲಿ ಯಾರಾದರೂ ಕೂತರೆ ಮಿಷನ್‌ನ ಕೈ ಅವನ ಮಾತು ಕೇಳುವುದಿಲ್ಲ. ಮೊಳೆಗೆ ನೇತುಹಾಕಿದ್ದ ಬಿಳಿ ಬಟ್ಟೆ ಎಳೆದು, ಒಮ್ಮೆ ಫಟ್ಟೆಂದು ಕೊಡವಿ, ಅವಳ ಕೊರಳಿಗೆ ಸುತ್ತಿ ಹಿಂದೆ ಗಂಟು ಹಾಕಿದ. ಹಾಕಿದವನು ಕನ್ನಡಿ ನೋಡಿ ಹಾಗೇ ನಿಂತುಬಿಟ್ಟ.

"ಅಕ್ಕಾ," ಎಂದ. "ತಲೆ ಎತ್ತು."

ಅವಳು ಎತ್ತಿದಳು.

ಕನ್ನಡಿಯಲ್ಲಿ ಖಾಲಿ ಇರಲಿಲ್ಲ. ಹಾಳೆಯ ಖಾಲಿ ಜಾಗ ಇದ್ದಲ್ಲಿ ಸರಿಯಾಗಿ ಅವಳ ಮುಖವಿತ್ತು, ಮುಖದ ಕೆಳಗೆ ಕೊರಳಿಗೆ ಸುತ್ತಿದ ಬಿಳಿ ಬಟ್ಟೆ. ಹಿಂದೆ ಮಂಡಿಯೂರಿದ್ದ ದೈತ್ಯನ ದೊಡ್ಡ ಕೈಗಳು ಅವಳ ಎರಡೂ ಭುಜದ ಪಕ್ಕಕ್ಕೆ ಬಂದಿದ್ದವು. ಗುಳ್ಳೆಯೊಳಗಿನ ಅಕ್ಷರಗಳು ಈಗ ನೆಟ್ಟಗಿದ್ದವು: "ಅರೆ! ಇಷ್ಟು ದಿನ ನಿನ್ನ ಹತ್ರಾನೇ ಇತ್ತಾ?"

ದೈತ್ಯನಿಗೆ ಅಪ್ಪನ ಮುಖ. ಬೈತಲೆ ಮಾತ್ರ ಬೀದಿಯವರು ಕನ್ನಡಿಯಲ್ಲಿ ನೋಡುತ್ತಿದ್ದ ಕಡೆಗಿರಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಅವಳು ಎದುರಿಗೆ ನೋಡುತ್ತಿದ್ದ ಕಡೆಗೇ ಇತ್ತು.

"ಸಿಕ್ತಪ್ಪಾ," ಎಂದಳು ಮಗಳು. "ಸಿಕ್ತು." ಅಳು ಬಂತು, ನಗುವೂ ಬಂತು, ಎರಡನ್ನೂ ಬಿಟ್ಟಳು. ತಲೆಯನ್ನು ಮಾತ್ರ ಒಂದಿಷ್ಟೂ ಅಲ್ಲಾಡಿಸಲಿಲ್ಲ.

"ಸಿಕ್ತಂತೆ!" ಎಂದು ಬೇಕರಿಯವಳು ಬಾಗಿಲಿಗೆ ಓಡಿ ಬೀದಿಗೆ ಕೂಗಿದಳು. "ಬಟ್ಟೆ ಸಿಕ್ತಂತೆ!" ಆಚೆ ಅಂಗಡಿಯವರು, ಮಹಡಿಯವರು, ಎಲ್ಲ ಇಳಿದು ಬಂದರು. ಶಟರಿನ ಕೆಳಗೆ ಜನ ಒತ್ತತೊಡಗಿದರು.

ಪೋಸ್ಟ್‌ಮ್ಯಾನ್ ಎಲ್ಲರನ್ನೂ ಸರಿಸಿಕೊಂಡು ಕುರ್ಚಿಯ ಪಕ್ಕಕ್ಕೆ ಬಂದು ನಿಂತ.

"ಏಳಮ್ಮ, ಎಷ್ಟೊತ್ತು ಕೂರ್ತೀಯ? ಇವತ್ತು ನನ್ನ ವಾರ."

"ನಿಮಗೆ ಕತ್ತರಿಸೋಕೆ ಏನಿದೆ?"

"ಕತ್ತರಿಸೋದು ಯಾರಿಗೆ ಬೇಕು? ಬಟ್ಟೆ ಸುತ್ತು."

ಮಗಳು ಎದ್ದಳು. ಬಟ್ಟೆ ಬಿಚ್ಚಿ, ಅಪ್ಪ ಕೊಡವುತ್ತಿದ್ದ ಹಾಗೆ ಫಟ್ಟೆಂದು ಕೊಡವಿ, ಅವನ ಕೊರಳಿಗೆ ಸುತ್ತಿದಳು. ಅವನ ಹಿಂದೆ ಬೇಕರಿಯವಳು, ಅವಳ ಹಿಂದೆ ಸೋದರತ್ತೆ, ಆಮೇಲೆ ಹೊರಗಿನ ಮೆಟ್ಟಿಲವರೆಗೆ ಸಾಲು ಬೆಳೆದಿತ್ತು. ಪೋಸ್ಟ್‌ಮ್ಯಾನ್ ಹಲಗೆಯ ಮೇಲಿನ ಮಗುವಿನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕನ್ನಡಿ ನೋಡಿದ. ದೈತ್ಯನ ಎರಡು ಕೈಗಳ ನಡುವೆ ಅವನ ಬೋಳುತಲೆ ದುಂಡಗೆ ಕೂತಿತ್ತು. ಗುಡ್ಡದ ಧೂಳು ಹತ್ತಿ ಸ್ವಲ್ಪ ಮಂಕಾಗಿತ್ತು.

ಮಗಳು ಬಟ್ಟೆಯ ಅಂಚು ಹಿಡಿದು ಅದನ್ನು ಹೊಳೆಯುವ ಹಾಗೆ ಒರೆಸಿದಳು.